ಒಲೆ ಇರುವ ಊರು

ಮೂರು ತಾಲ್ಲೂಕು ಬಾಲ್ ಬ್ಯಾಡ್ಮಿಂಟನ್ ಲೀಗಿನಲ್ಲಿ ಆಧಾರ್ ಕಾರ್ಡಿಗೆ ಕಿಮ್ಮತ್ತಿಲ್ಲ. ಹಿಂದೊಮ್ಮೆ ತುಮಕೂರು ಟೀಮಿನವರು ಬೆಂಗಳೂರಿನಿಂದ ಇಬ್ಬರು ಆಟಗಾರರನ್ನು ಕರೆತಂದು, ಸೈಬರ್ ಸೆಂಟರಿನಲ್ಲಿ ಅಡ್ರೆಸ್ ಬದಲಾಯಿಸಿ, ಇವರು ಹುಟ್ಟಿದಾಗಿನಿಂದ ತುಮಕೂರಿನ ಶಿರಾ ಗೇಟಿನವರೇ ಎಂದು ಸಾಧಿಸಿದ್ದರು. ಪಾಪ, ಆ ಇಬ್ಬರಿಗೆ ಶಿರಾ ಗೇಟ್ ಯಾವ ದಿಕ್ಕಿಗಿದೆ ಎಂದು ತೋರಿಸಲೂ ಬರಲಿಲ್ಲ. ಆ ಗಲಾಟೆಯಾದ ಮೇಲೆ ಲೀಗಿನ ಕಾರ್ಯದರ್ಶಿ ಪುಟ್ಟರಂಗಯ್ಯನವರು ಹೊಸ ರೂಲ್ ತಂದರು. ಆಟಗಾರನ ಮನೆಯ ಗ್ಯಾಸ್ ಬುಕ್ ಯಾವ ತಾಲ್ಲೂಕಿನ ಅಡ್ರೆಸ್ಸಿನಲ್ಲಿದೆಯೋ ಅವನು ಆ ತಾಲ್ಲೂಕಿನವನು, ಅಷ್ಟೆ. ರಿಟೈರಾದ ಡ್ರಿಲ್ ಮೇಷ್ಟ್ರು ಅವರು. ಒಮ್ಮೆ ಸೀಟಿ ಊದಿದರೆ ಮುಗಿಯಿತು.

“ಗಂಡಸು ಎಲ್ಲಿ ಬೇಕಾದ್ರೂ ಬಿದ್ಕೊಂಡಿರ್ತಾನೆ ಕಣ್ರಯ್ಯಾ. ಅವನ ಮನೆ ಒಲೆ ಎಲ್ಲೈತೆ, ಅದನ್ನ ಹೇಳಿ ನಂಗೆ,” ಎಂದಿದ್ದರು ಮೀಟಿಂಗಿನಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹಾಗೆಂದು ಪ್ರತಿ ವರ್ಷ ಯಾರೂ ಬುಕ್ ತೆಗೆಸಿ ನೋಡುತ್ತಿರಲಿಲ್ಲ. ಯಾರಾದರೂ ತಕರಾರು ಬರೆದುಕೊಟ್ಟರೆ ಮಾತ್ರ ನೋಡುವುದು; ಒಲೆ ಉರಿಯುವುದು ಬೇರೆ ಕಡೆ ಎಂದರೆ ಅದಕ್ಕೆ ಪತ್ರವೋ ಸಾಕ್ಷಿಯೋ ಬೇಕು. ನಾಲ್ಕು ವರ್ಷ ಯಾರೂ ಬರೆದುಕೊಟ್ಟಿರಲಿಲ್ಲ.

ಗುಬ್ಬಿ ಟೀಮಿನಲ್ಲಿ ಹಿಂದೆ ನಿಂತು ಆಡುತ್ತಿದ್ದ ರಂಗನಾಥನಿಗೆ ಈ ರೂಲಿನಿಂದ ಒಳ್ಳೆಯದೇ ಆಗಿತ್ತು. ಇಪ್ಪತ್ನಾಲ್ಕು ವರ್ಷದ ರಂಗ ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಬೆನ್ನು ತೋರಿಸಿದವನು. ತುಮಕೂರು ತಾಲ್ಲೂಕಿನ ಕ್ಯಾತ್ಸಂದ್ರದಲ್ಲಿ, ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಪರೋಟ ಮಾಸ್ಟರ್. ಹಗಲೆಲ್ಲ ಕಾದ ಹಂಚಿನ ಮುಂದೆ ನಿಂತು, ಹೋಟೆಲಿನ ಮೇಲಿನ ಶೀಟ್ ರೂಮಿನಲ್ಲಿ ಇನ್ನೂ ಐದು ಜನರ ಜೊತೆ ಮಲಗಿ, ಭಾನುವಾರ ಮಾತ್ರ ಓನರ್ ಹತ್ತಿರ ಜಗಳವಾಡಿ ರಜೆ ತಗೊಂಡು ಆಡಲು ಹೋಗುತ್ತಿದ್ದ. ಮೂರು ವರ್ಷದಲ್ಲಿ ಅವನು ಗುಬ್ಬಿಯಲ್ಲಿ ಉಂಡು ಮಲಗಿದ್ದು ಹಬ್ಬಕ್ಕೆ ಮಾತ್ರ. ಆದರೆ ಅವನ ಅವ್ವ ಕದರಮ್ಮನ ಗ್ಯಾಸ್ ಬುಕ್ ಗುಬ್ಬಿಯಲ್ಲಿತ್ತು. ಹಾಗಾಗಿ ರೂಲಿನ ಪ್ರಕಾರ ರಂಗ ಅಪ್ಪಟ ಗುಬ್ಬಿಯವನು.

ಕುಣಿಗಲ್ ಟೀಮಿನ ಅಕೀಬನದು ಇದಕ್ಕೆ ತದ್ವಿರುದ್ಧ. ಅಕೀಬ್ ಸೋಫಾ ಹೊಲಿಯುವ ಕೆಲಸಗಾರ. ತುಮಕೂರಿನವನು, ಆದರೆ ತಂದೆ ಜಹೀರ್ ಅಹಮದ್ ತೀರಿಕೊಂಡ ಮೇಲೆ ಕುಣಿಗಲ್‌ನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿ, ತಾಯಿ ರಹಿಮಾ ಬೀಯನ್ನೂ ಕರೆದುಕೊಂಡು ಅಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಗ್ಯಾಸ್ ಬುಕ್ ಮಾತ್ರ ತುಮಕೂರಿನಲ್ಲೇ, ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿತ್ತು. ಬದಲಾಯಿಸಲು ಬಾಡಿಗೆ ಕರಾರು ಪತ್ರ ಬೇಕು. ಕುಣಿಗಲ್‌ನ ಮನೆ ಓನರ್ ಪತ್ರ ಬರೆದುಕೊಡಲು ಒಪ್ಪಲಿಲ್ಲ. “ಇರೋದಾದ್ರೆ ಹಿಂಗೇ ಇರಿ. ಪತ್ರ ಗಿತ್ರ ಅಂದ್ರೆ ಬೇರೆ ಮನೆ ನೋಡ್ಕಳಿ,” ಎಂದಿದ್ದ. ಬೇರೆ ಮನೆ ಹುಡುಕಲು ಹೋದರೆ, ಹೆಸರು ಕೇಳುತ್ತಿದ್ದಂತೆ ಮನೆಗಳು ಖಾಲಿ ಇಲ್ಲದಂತಾಗುತ್ತಿದ್ದವು. ಹಾಗಾಗಿ ಅಕೀಬ್ ಎರಡು ತಿಂಗಳಿಗೊಮ್ಮೆ ತನ್ನ ಹಳೆಯ ಮೊಪೆಡ್ಡಿನಲ್ಲಿ ಬಂದು, ಕ್ಯಾತ್ಸಂದ್ರದ ಗ್ಯಾಸ್ ಗೋಡೌನಿನಿಂದ ತುಂಬಿದ ಸಿಲಿಂಡರ್ ಹೇರಿಕೊಂಡು ಕುಣಿಗಲ್‌ಗೆ ಹೋಗುತ್ತಿದ್ದ.

ಇದೆಲ್ಲ ರಂಗನಿಗೆ ಹೇಗೆ ಗೊತ್ತು ಅಂದರೆ, ಗೋಡೌನ್ ಇದ್ದದ್ದು ಅವನ ಹೋಟೆಲಿನ ಹಿಂಬದಿಗೆ. ಸಿಲಿಂಡರನ್ನು ಮೊಪೆಡ್ಡಿನ ಕಾಲಿಡುವ ಜಾಗದಲ್ಲಿಟ್ಟು ಹಗ್ಗ ಬಿಗಿಯುತ್ತಿದ್ದವನು ಸ್ವತಃ ರಂಗ.

“ಇನ್ನೊಂದ್ ಸುತ್ತು ಹಾಕೋ, ಹೆಬ್ಬೂರು ದಾಟಿದ್ ಮೇಲೆ ರೋಡೇ ಇಲ್ಲ,” ಎನ್ನುತ್ತಿದ್ದ ಅಕೀಬ್.

“ಸುಮ್ಕಿರ್ಲಾ, ನಾನ್ ಕಟ್ಟಿದ್ ಗಂಟು ನಿಮ್ಮಮ್ಮ ಬಿಚ್ಚೋಕಾಗಲ್ಲ, ಕುಡ್ಲು ತಗೊಂಡು ಕುಯ್ಬೇಕು.”

“ಕುಯ್ದೇ ತೆಗೆಯೋದು ಕಣೋ! ಹಗ್ಗ ಹಾಳಾಯ್ತು ಅಂತ ನಿಂಗೆ ಶಾಪ ಹಾಕ್ತಾರೆ.”

ಆಮೇಲೆ ಇಬ್ಬರೂ ಟೀ ಕುಡಿದು, ಯಾರ ಟೀಮು ದಂಡ ಎಂದು ಬೈದಾಡಿಕೊಂಡು, ಅಕೀಬ್ ಮಂಡಿ ಅಗಲಿಸಿ ಕುಳಿತು ಹೊರಡುತ್ತಿದ್ದ. ಹೀಗೆ ಮೂರು ವರ್ಷ.

ಈ ವರ್ಷ ಫೆಬ್ರವರಿಯಲ್ಲಿ ಫೈನಲ್ ಬಿದ್ದದ್ದು ಗುಬ್ಬಿಗೂ ಕುಣಿಗಲ್‌ಗೂ. ಜಾಗ ತುಮಕೂರು. ಗುಬ್ಬಿ ಹನ್ನೊಂದು ವರ್ಷದಿಂದ ಕಪ್ ಮುಟ್ಟಿರಲಿಲ್ಲ. ತೆಂಗಿನಕಾಯಿ ಮಂಡಿಯಲ್ಲಿ ರೈಟರ್ ಆಗಿದ್ದ ಕ್ಯಾಪ್ಟನ್ ಅನಂತರಾಜು ಎರಡು ಟೆಂಪೋ ಜನ ತುಂಬಿಸಿಕೊಂಡು ಬಂದಿದ್ದ. ಒಂದೊಂದು ಆಟ ಒಬ್ಬೊಬ್ಬರಿಗೆ ಹೋಗಿ, ಮೂರನೆಯದು ಮೂವತ್ತೆರಡು ಮೂವತ್ತೆರಡಕ್ಕೆ ಬಂದು ನಿಂತಿತು. ಮೂವತ್ತೈದಕ್ಕೆ ಯಾರು ಮೊದಲು ಮುಟ್ಟುತ್ತಾರೋ ಅವರದು ಕಪ್. ಹೊತ್ತು ಇಳಿಯುತ್ತಿತ್ತು, ಗಾಳಿ ಎದ್ದಿತ್ತು. ಹಳದಿ ಉಲ್ಲನ್ ಚೆಂಡು ಎತ್ತ ವಾಲುತ್ತದೋ ಹೇಳುವಂತಿರಲಿಲ್ಲ.

ಅಲ್ಲಿಂದ ಮೂರು ಪಾಯಿಂಟೂ ಅಕೀಬ್ ರಂಗನ ಮೇಲೇ ತೆಗೆದ. ಮೊದಲನೆಯದು ನೆಟ್ಟಿನ ಹತ್ತಿರ ಬೀಳಿಸಿದ. ರಂಗ ಓಡಿ ಬರುವಷ್ಟರಲ್ಲಿ ಚೆಂಡು ಮಣ್ಣಿನ ಮೇಲಿತ್ತು. ಎರಡನೆಯದು ತಲೆಯ ಮೇಲಿಂದ ಹಿಂದಕ್ಕೆ. ಮೂರನೆಯದನ್ನು ರಂಗ ಸಿಟ್ಟಿನಲ್ಲಿ ರಪ್ಪನೆ ಬಾರಿಸಿದ. ಚೆಂಡು ನೆಟ್ಟಿಗೆ ಬಡಿದು ಅವನ ಕಾಲ ಬುಡಕ್ಕೇ ವಾಪಸ್ ಉರುಳಿತು.

ಅಕೀಬ್ ನೆಟ್ಟಿನ ಆಚೆಯಿಂದ, ಟೀ ಕುಡಿಯುವಾಗ ಮಾತಾಡುತ್ತಿದ್ದ ಅದೇ ದನಿಯಲ್ಲಿ, ನಗುತ್ತಾ ಹೇಳಿದ: “ಪರೋಟ ತಟ್ಟಿದಂಗೆ ತಟ್ತೀಯಲ್ಲೋ, ಮಾಸ್ಟ್ರೇ!”

ಹೇಳಿದ್ದು ಗೆಳೆಯನಿಗೆ. ಕೇಳಿಸಿಕೊಂಡದ್ದು ಮುಂದಿನ ಸಾಲಿನ ಕುಣಿಗಲ್ ಜನ. ಒಬ್ಬ “ಪರೋಟ!” ಎಂದ, ಇನ್ನೊಬ್ಬ “ಸಾಗು ಎಲ್ಲೋ?” ಎಂದ. ಅರೆ ನಿಮಿಷದಲ್ಲಿ ಗ್ರೌಂಡಿಗೆ ಗ್ರೌಂಡೇ ತಾಳ ಹಾಕಿ “ಪ-ರೋ-ಟ! ಪ-ರೋ-ಟ!” ಎಂದು ಕೂಗತೊಡಗಿತು. ರಂಗ ಸುಟ್ಟ ಕಲೆಗಳ ತನ್ನ ಮುಂಗೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಗುಬ್ಬಿಯಿಂದ ಬಂದಿದ್ದ ಟೆಂಪೋದವರಲ್ಲೂ ಇಬ್ಬರು ನಗುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು.

ಗ್ರೌಂಡಿನ ಹೊರಗೆ ಅನಂತರಾಜು ಬೇಲಿ ಕಲ್ಲಿನ ಮೇಲೆ ತಲೆ ಹಿಡಿದು ಕೂತಿದ್ದ. ರಂಗ ಅವನ ಮುಂದೆ ಹೋಗಿ ನಿಂತ. ಒಳಗೆ ಕುದಿಯುತ್ತಿದ್ದದ್ದು ಬಾಯಿಗೆ ಬಂತು.

“ಅವನು ಕುಣಿಗಲ್‌ನೋನೇ ಅಲ್ಲ ಕಣಣ್ಣ.”

“ಯಾರ್ಲಾ?”

“ಅಕೀಬ. ಗ್ಯಾಸ್ ಬುಕ್ ತುಮಕೂರಲ್ಲೈತೆ. ಅವರಪ್ಪನ ಹೆಸರಲ್ಲಿ. ನಂಗೆ ಗೊತ್ತು.”

ಅನಂತರಾಜು ಎದ್ದು ನಿಂತ. “ಕರೆಕ್ಟಾಗಿ ಗೊತ್ತಾ? ಆಮೇಲೆ ಮರ್ಯಾದೆ ಹೋಗ್ಬಾರ್ದು.”

“ಬುಕ್ಕೇ ನೋಡಿದೀನಿ.”

ಸಿಲಿಂಡರ್ ಎಲ್ಲಿಗೆ ಹೋಗುತ್ತದೆ ಎಂದು ಅನಂತರಾಜು ಕೇಳಲಿಲ್ಲ. ರಂಗ ಹೇಳಲೂ ಇಲ್ಲ. ಮಂಡಿಯ ರೈಟರ್ ಕೈ, ಮುತ್ತು ಪೋಣಿಸಿದಂಥ ಅಕ್ಷರ. ಅರ್ಧ ಗಂಟೆಯಲ್ಲಿ ತಕರಾರು ಅರ್ಜಿ ತಯಾರಾಯಿತು. “ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎಂದು ಶುರುವಾಗಿತ್ತು. ಕೆಳಗೆ ರಂಗ ತನ್ನ ಹೆಸರನ್ನು ಒತ್ತಿ ಒತ್ತಿ ಬರೆದ.

ಮುಂದಿನ ಭಾನುವಾರ ತುಮಕೂರಿನಲ್ಲಿ, ನೆಟ್ಟು ಕಂಬ ಇಡುವ ರೂಮಿನಲ್ಲಿ ವಿಚಾರಣೆ. ಟೇಬಲ್ಲಿನ ಆಚೆ ಪುಟ್ಟರಂಗಯ್ಯ. ಒಂದು ಗೋಡೆಗೆ ಗುಬ್ಬಿಯವರು, ಇನ್ನೊಂದು ಗೋಡೆಗೆ ಕುಣಿಗಲ್‌ನವರು. ಕುಣಿಗಲ್ ಕ್ಯಾಪ್ಟನ್ ಗಂಗಹನುಮಯ್ಯ ಮೋಟಾರ್ ವೈಂಡಿಂಗ್ ಅಂಗಡಿಯವನು, ದಪ್ಪ ದನಿಯ ಮನುಷ್ಯ; ಬರುವಾಗಲೇ ಗುಡುಗುತ್ತಾ ಬಂದಿದ್ದ.

“ಸೋತೋರು ಸೋತಂಗೆ ಇರ್ಬೇಕು ಸಾರ್. ಇದೆಂಥ ಹೆಣ್ಣಿಗರ ಕೆಲಸ ಇವರ್ದು?”

“ನೀನ್ ಬಾಯ್ ಮುಚ್ಚು. ಅಕೀಬ್, ಬುಕ್ ತಂದಿದೀಯಾ?”

ಅಕೀಬ್ ಪ್ಲಾಸ್ಟಿಕ್ ಕವರಿನಿಂದ ನೀಲಿ ಬುಕ್ ತೆಗೆದು ಟೇಬಲ್ಲಿನ ಮೇಲಿಟ್ಟ. ಬುಕ್ ತುಮಕೂರಿನದು ಎಂಬುದು ಗಂಗಹನುಮಯ್ಯನಿಗೂ ಆಗಲೇ ತಿಳಿದದ್ದು. ಅವನ ದನಿ ಅಲ್ಲಿಗೆ ಅಡಗಿತು. ತನ್ನ ಹುಡುಗನನ್ನೇ ಅವನು ಅಪರಿಚಿತನ ಹಾಗೆ ನೋಡಿದ.

“ಒಲೆ ಎಲ್ಲಪ್ಪಾ ಉರಿಯೋದು?” ಪುಟ್ಟರಂಗಯ್ಯ ಕನ್ನಡಕ ಏರಿಸಿಕೊಂಡು ಕೇಳಿದರು.

“ಕುಣಿಗಲ್‌ನಲ್ಲಿ ಸಾರ್. ಮೂರು ವರ್ಷ ಆಯ್ತು. ಸಿಲಿಂಡರ್ ಇಲ್ಲಿಂದ ತಗೊಂಡ್ ಹೋಗ್ತೀನಿ.”

“ಬಾಡಿಗೆ ಪತ್ರ?”

“ಓನರ್ ಕೊಡಲ್ಲ ಸಾರ್.”

“ಹಂಗಾದ್ರೆ ನೋಡಿದೋರು ಯಾರಾದ್ರೂ ಇದಾರಾ? ನಿಮ್ ಟೀಮಿನೋರ ಮಾತು ಲೆಕ್ಕಕ್ಕಿಲ್ಲ.”

ಅಕೀಬ್ ಖಾಲಿ ಕವರನ್ನು ಮಡಚಿ ಜೇಬಿಗಿಟ್ಟ. ಎದುರಿನ ಗೋಡೆಯ ಕಡೆ ಅವನು ನೋಡಲೇ ಇಲ್ಲ. “ಇದಾರೆ ಸಾರ್. ಕಣ್ಣಾರೆ ನೋಡಿದೋರು ಇದಾರೆ. ಅವರಾಗೇ ಹೇಳಿದ್ರೆ ಹೇಳ್ಲಿ. ನಾನ್ ಹೆಸರು ಹೇಳಲ್ಲ.”

ರಂಗ ತನ್ನ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ. ಈಗ ಹೇಳಬಹುದು ಎಂದುಕೊಂಡ. ಒಂದು ಮಾತು ಸಾಕು. ನಾನೇ ಹಗ್ಗ ಕಟ್ಟಿದ್ದು ಎಂದರೆ ಮುಗಿಯಿತು. ಪಕ್ಕದಲ್ಲಿ ಅನಂತರಾಜು ನಿಂತಿದ್ದ. ಹನ್ನೊಂದು ವರ್ಷ. ಗ್ರೌಂಡಿನ ತುಂಬ ಎದ್ದ ಆ ತಾಳ ರಂಗನ ಕಿವಿಯಲ್ಲಿ ಇನ್ನೂ ಬಡಿಯುತ್ತಿತ್ತು. ಅವನು ಬಾಯಿ ಬಿಡಲಿಲ್ಲ.

“ಮತ್ತೆ ಗುಬ್ಬಿ ಟೀಮಿನ ಮೇಲೆ ನಿಮ್ದೇನಾದ್ರೂ ತಕರಾರು ಐತಾ?” ಪುಟ್ಟರಂಗಯ್ಯ ಕ್ರಮದಂತೆ ಕೇಳಿದರು.

ಗಂಗಹನುಮಯ್ಯ ಅಕೀಬನ ಕಡೆ ತಿರುಗಿ, “ಹೇಳೋ, ನೀನ್ ಅವರ ಜೊತೆ ತಿರುಗ್ತಿದ್ದೋನು. ಅವರಲ್ಲೂ ಹೊರಗಿನೋರು ಯಾರಾದ್ರೂ ಅವ್ರಾ?” ಎಂದ.

ಶೀಟ್ ರೂಮಿನ ಆರು ಚಾಪೆಗಳಲ್ಲಿ ರಂಗನದು ಯಾವುದು ಎಂದು ಕೂಡ ಅಕೀಬನಿಗೆ ಗೊತ್ತಿತ್ತು. ಅವನು, “ನಂಗೊತ್ತಿಲ್ಲಣ್ಣ,” ಎಂದ.

ತೀರ್ಪಾಯಿತು. ಕುಣಿಗಲ್ ಅನರ್ಹ, ಗುಬ್ಬಿ ಚಾಂಪಿಯನ್, ಅಕೀಬನಿಗೆ ಎರಡು ಸೀಸನ್ ಬ್ಯಾನ್.

ಕುಣಿಗಲ್‌ನವರು ಕಪ್ ವಾಪಸ್ ಕೊಡಲಿಲ್ಲ. ಗುಬ್ಬಿಯವರು ಅದೇ ಅಳತೆಯ ಇನ್ನೊಂದು ಕಪ್ ಮಾಡಿಸಿದರು. ಒಂದು ಸೀಸನ್ನಿಗೆ ಎರಡು ಕಪ್. ಅಲ್ಲಿ ಬಸ್ ಸ್ಟ್ಯಾಂಡ್ ಎದುರು ಕುಣಿಗಲ್ ಗೆದ್ದಿದೆ ಎಂಬ ಫ್ಲೆಕ್ಸ್, ಇಲ್ಲಿ ಸಂತೆ ಮೈದಾನದ ಹತ್ತಿರ ಗುಬ್ಬಿ ಗೆದ್ದಿದೆ ಎಂಬ ಫ್ಲೆಕ್ಸ್. ವಾಟ್ಸಾಪ್ ಗ್ರೂಪುಗಳಲ್ಲಿ ಎರಡೂ ಊರಿನವರು ಒಬ್ಬರ ತಾಯಿಯನ್ನು ಇನ್ನೊಬ್ಬರು ಬಿಡಲಿಲ್ಲ. ಗುಬ್ಬಿಯಲ್ಲಿ ತಮಟೆ ಹೊಡೆಸಿಕೊಂಡು ಟೆಂಪೋ ಮೇಲೆ ಐವರನ್ನೂ ಮೆರವಣಿಗೆ ಮಾಡಿದರು. ರಂಗನ ಕೊರಳಿಗೆ ಬಿದ್ದ ಹಾರ ಮೊಣಕಾಲು ಮುಟ್ಟುತ್ತಿತ್ತು. ತಕರಾರು ಎತ್ತಿದವನೆಂದು ಅವನಿಗೇ ಎಲ್ಲರಿಗಿಂತ ದೊಡ್ಡ ಹಾರ.

ಅವತ್ತು ಮಧ್ಯಾಹ್ನ ಅವ್ವ ಕದರಮ್ಮ ಮುದ್ದೆ ಬಡಿಸುತ್ತಾ ಹೇಳಿದಳು: “ಈ ಒಲೆ ಮೇಲಿಂದು ನೀನು ಉಣ್ಣೋದು ಗೌರಿ ಹಬ್ಬದ ಮೇಲೆ ಇವತ್ತೇ ಕಣೋ. ಸಿಲಿಂಡರ್ ಐದು ತಿಂಗ್ಳು ಬರ್ತೈತೆ, ಒಬ್ಬಳಿಗೆ ಏನು ಬೇಯಿಸ್ಕಳ್ಳಿ?”

ಅವಳು ಹೇಳಿದ್ದು ಮಗ ಬಂದ ಖುಷಿಗೆ. ರಂಗ ತಟ್ಟೆ ಪಕ್ಕಕ್ಕೆ ಸರಿಸಿದ. ನೀರು ಕುಡಿದು ಎದ್ದ.

“ಇನ್ನೂ ಅರ್ಧ ಹಂಗೇ ಐತಲ್ಲೋ?”

“ಸಾಕು ಬುಡವ್ವ.”

ಏಪ್ರಿಲ್ ಬಂತು. ಅಕೀಬ್ ಸಿಲಿಂಡರಿಗೆ ಬರಬೇಕಾದ ಹೊತ್ತು. ಗೋಡೌನಿನ ಕಡೆಯಿಂದ ಯಾವ ಮೊಪೆಡ್ ಸದ್ದು ಕೇಳಿದರೂ ರಂಗನ ಕೈ ಹಿಟ್ಟಿನ ಮೇಲೆ ನಿಲ್ಲುತ್ತಿತ್ತು. ಬಂದರೆ ಏನು ಮಾಡಬೇಕು, ಒಳಗೆ ಅವಿತುಕೊಳ್ಳಬೇಕೋ ಹೊರಗೆ ಹೋಗಬೇಕೋ ಅವನಿಗೇ ಗೊತ್ತಿರಲಿಲ್ಲ. ಅಕೀಬ್ ಬರಲಿಲ್ಲ. ಏಪ್ರಿಲ್ ಕಳೆದು ಮೇ ಬಂದರೂ ಬರಲಿಲ್ಲ. ಒಂದು ಮಂಗಳವಾರ ರಂಗ ಹೊಟ್ಟೆನೋವು ಎಂದು ಓನರಿಗೆ ಸುಳ್ಳು ಹೇಳಿ ಕುಣಿಗಲ್ ಬಸ್ ಹತ್ತಿದ.

ಅಕೀಬನ ಮನೆ ಹುಡುಕಲು ಕಷ್ಟವಾಗಲಿಲ್ಲ. ಹೊರಗೆ ಬೀಗ ಇತ್ತು. ಎದುರು ಮನೆಯ ಕಲ್ಲಮ್ಮ ಎಂಬಾಕೆ ಸೊಪ್ಪು ಬಿಡಿಸುತ್ತಾ ಜಗಲಿಯ ಮೇಲೆ ಕೂತಿದ್ದಳು.

“ಅವರಾ? ಖಾಲಿ ಮಾಡ್ಕೊಂಡ್ ಹೋಗಿ ತಿಂಗಳ ಮೇಲಾಯ್ತಪ್ಪ.”

“ಯಾಕಮ್ಮ?”

“ಅದೇನೋ ಆಟದ ಗಲಾಟೆ. ಇವನ ಜೊತೆ ಆಡ್ತಿದ್ದೋನೇ ಒಬ್ಬ ಬಂದು ಬಾಗಿಲ ಮುಂದೆ ನಿಂತ್ಕಂಡು, ಅಡ್ರೆಸ್ ಬಚ್ಚಿಟ್ಟು ನಮಗೇ ಟೋಪಿ ಹಾಕ್ದ, ಕಳ್ಳ ನನ್ ಮಗ ಅಂತ ಕೂಗಾಡ್ದ. ಬೀದಿಯೆಲ್ಲ ಸೇರ್ತು. ಓನರ್‌ಗೆ ಪುಕಪುಕ ಶುರುವಾಯ್ತು. ನಾಳೆ ಪೊಲೀಸು ಗಿಲೀಸು ಅಂತ ನನ್ ಕುತ್ತಿಗೆಗೆ ಬರ್ತದೆ, ಬಿಟ್ಬಿಡಿ ಅಂದ.” ಅವಳು ದಂಟೊಂದನ್ನು ಲಟಕ್ಕೆಂದು ಮುರಿದಳು. “ಆ ಬೀಬಮ್ಮ ಒಳ್ಳೇ ಹೆಂಗಸು ಕಣಪ್ಪ. ನನ್ ಸೊಸೆ ಬಾಣಂತನದಲ್ಲಿ ದಿನಾ ಅವರ ಒಲೆ ಮೇಲೇ ಬಿಸಿನೀರು ಕಾಸಿ ಕೊಟ್ಟೋಳು. ನೀನ್ಯಾರು ಅವರಿಗೆ?”

ರಂಗ ಹೇಳಲು ಬಾಯಿ ತೆರೆದ. ಏನೆಂದು ಹೇಳುವುದು? “ಗೊತ್ತಿರೋನು,” ಎಂದು ಅಲ್ಲಿಂದ ಕಾಲು ಕಿತ್ತ.

ಬಸ್ಸಿನಲ್ಲಿ ಕೂತವನಿಗೆ ಸಿಟ್ಟು ಬಂತು. ಮೊದಲು ಓನರಿನ ಮೇಲೆ, ಆಮೇಲೆ ಕೂಗಾಡಿದವನ ಮೇಲೆ, ಪುಟ್ಟರಂಗಯ್ಯನವರ ಮೇಲೆ, ಅವರ ದರಿದ್ರ ರೂಲಿನ ಮೇಲೆ. ಹೆಬ್ಬೂರು ಬರುವಷ್ಟರಲ್ಲಿ ಬೈಯಲು ಯಾರೂ ಉಳಿದಿರಲಿಲ್ಲ. ಕಿಟಕಿಯ ಸರಳಿಗೆ ಹಣೆ ಆನಿಸಿ ಕೂತ. ಆಗ ತನ್ನ ಸರದಿ ಬಂತು.

ತುಮಕೂರಿನಲ್ಲಿ ಇಳಿದವನೇ ಪುಟ್ಟರಂಗಯ್ಯನವರ ಮನೆಗೆ ಹೋದ. ಅವರು ಬರೀ ಬನಿಯನ್‌ನಲ್ಲಿ ಕೂತು ಹಳೆಯ ಚೆಂಡಿನ ಉಲ್ಲನ್ ದಾರ ಬಿಚ್ಚಿ ಸುತ್ತುತ್ತಿದ್ದರು. ರಂಗ ನಿಂತುಕೊಂಡೇ ಎಲ್ಲ ಹೇಳಿದ. ಸಿಲಿಂಡರ್ ಕಟ್ಟಿದ್ದು ತಾನು. ಒಲೆ ಕುಣಿಗಲ್‌ನಲ್ಲಿತ್ತು. ತಾನೇ ಗುಬ್ಬಿಯಲ್ಲಿಲ್ಲ, ಮಲಗುವುದು ಕ್ಯಾತ್ಸಂದ್ರದಲ್ಲಿ.

ಮೇಷ್ಟ್ರು ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. “ನಿಮ್ಮವ್ವನ ಬುಕ್ ಎಲ್ಲೈತೆ?”

“ಗುಬ್ಬೀಲಿ. ಆದ್ರೆ ನಾನು...”

“ಹಂಗಾದ್ರೆ ನೀನು ಗುಬ್ಬಿಯೋನು. ರೂಲ್ ಏನು ಹೇಳ್ತದೋ ಅದು.”

“ಅಕೀಬನ ಒಲೆ ಸಾರ್...”

“ಈಗ ಅವನು ಎಲ್ಲಿದಾನೆ?”

“ಮನೆ ಖಾಲಿ ಮಾಡ್ಸವ್ರೆ. ತುಮಕೂರಿಗೇ ಬಂದವ್ನೆ ಅನ್ಸುತ್ತೆ.”

“ನೋಡಿದ್ಯಾ? ಬುಕ್ಕೂ ತುಮಕೂರಲ್ಲಿ, ಒಲೆನೂ ತುಮಕೂರಲ್ಲಿ.” ಅವರು ಮೊದಲ ಸಲ ತಲೆ ಎತ್ತಿದರು. “ತೀರ್ಪಲ್ಲಿ ತಪ್ಪೇನೈತೆ? ಅದೂ ಅಲ್ದೆ ತಕರಾರಿಗೆ ನಲವತ್ತೆಂಟು ಗಂಟೆ ಟೈಮು. ನೀನ್ ಮೂರು ತಿಂಗಳು ಬಿಟ್ಟು ಬಂದಿದೀಯ. ಹೋಗಪ್ಪ, ಗೆದ್ದಿದೀಯ, ಸುಮ್ನೆ ಇರೋದ್ ಕಲಿ.”

ತಾನು ಹೇಳಿದ ಸುಳ್ಳು ಮೂರು ತಿಂಗಳಲ್ಲಿ ಬೆಳೆದು, ಒಂದು ಸಂಸಾರವನ್ನೇ ಎತ್ತಿ ತಂದು, ನಿಜವಾಗಿ ಕೂತಿತ್ತು. ರಂಗನಿಗೆ ಮೇಷ್ಟ್ರ ಗೇಟು ತೆರೆಯುವುದು ಹೇಗೆಂದೇ ತೋಚಲಿಲ್ಲ. ಚಿಲಕವನ್ನು ಎರಡು ಸಲ ತಪ್ಪು ಕಡೆಗೆ ಎಳೆದ.

ಗ್ಯಾಸ್ ಬುಕ್ಕಿನಲ್ಲಿ ನೋಡಿದ್ದ ಅಡ್ರೆಸ್ ಹಿಡಿದು, ಶಿರಾ ಗೇಟಿನ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದಾಗ ಅಕೀಬ್ ಸಿಕ್ಕಿದ. ಅದು ಅವನ ಅಕ್ಕ ಅರ್ಜೂಳ ಎರಡು ರೂಮಿನ ಮನೆ. ಮುಂದಿನ ರೂಮಿನಲ್ಲೇ ಹರಿದ ಸೋಫಾ ಒಂದನ್ನು ಮಗುಚಿ ಹಾಕಿ ಮೊಳೆ ಕೀಳುತ್ತಿದ್ದ. ರಂಗನನ್ನು ನೋಡಿ ಅವನ ಕೈ ನಿಂತಿತು. ಏಳಲಿಲ್ಲ.

ಒಳಗಿನಿಂದ ರಹಿಮಾ ಬೀ ಬಂದಳು. “ಯಾರು?” ಎಂದು ಮಗನನ್ನು ಕೇಳಿದಳು.

“ಕ್ಯಾತ್ಸಂದ್ರದೋನು ಅಮ್ಮಿ. ಸಿಲಿಂಡರ್ ಕಟ್ತಿದ್ದೋನು.”

ಅವಳ ಮುಖ ಅರಳಿತು. “ನೀನೇನಪ್ಪ! ಬಾ, ಕೂತ್ಕೋ ಬೇಟಾ. ಎಷ್ಟು ಉಪಕಾರ ಮಾಡಿದೀಯ ನೀನು. ಆ ರೋಡಲ್ಲಿ ಇವನು ಸಿಲಿಂಡರ್ ತರೋವಾಗ ಮನೆ ಮುಟ್ಟೋ ತನಕ ನನ್ ಜೀವ ಬಾಯಲ್ಲಿರ್ತಿತ್ತು. ಇವನು ಹೇಳೋನು, ಕಟ್ಟಿರೋದು ರಂಗ, ಬೀಳಲ್ಲ ಬುಡಮ್ಮಿ ಅಂತ. ಚಾ ಕುಡಿದು ಹೋಗ್ಬೇಕು ನೀನು.”

ಅವಳು ಒಳಗೆ ಹೋದಳು. ರಂಗ ಅಕೀಬನ ಕಡೆ ಬಾಗಿದ. “ನಾನ್ ಹೇಳ್ತೀನಿ ಕಣೋ,” ಎಂದ ಪಿಸುದನಿಯಲ್ಲಿ. “ಅಮ್ಮಂಗೆ ಹೇಳ್ಬಿಡ್ತೀನಿ, ನಾನೇ ಮಾಡಿದ್ದು ಅಂತ.”

“ಬಾಯ್ ಮುಚ್ಕೊಂಡ್ ಕೂರು.” ಅಕೀಬನ ದನಿಯೂ ಅಷ್ಟೇ ಸಣ್ಣದಿತ್ತು. “ಹೇಳಿದ್ರೆ ನಿಂಗೆ ಹಗುರ ಆಗ್ತದೆ. ಅವರಿಗೆ ಏನಾಗ್ತದೆ? ಮೂರು ವರ್ಷದಿಂದ ಒಬ್ಬನ್ನ ಒಳ್ಳೇನು ಅಂತ ತಿಳ್ಕೊಂಡವ್ರೆ. ಅದನ್ನೂ ಕಿತ್ಕಂಡ್ ಹೋಗ್ಬೇಡ.”

“ಮೇಷ್ಟ್ರ ಹತ್ರ ಹೋಗಿದ್ದೆ. ಆಗಲ್ಲ ಅಂದ್ರು. ಕಪ್ ವಾಪಸ್...”

“ನಿನ್ ಕಪ್ ಯಾರಿಗೋ ಬೇಕು?” ಅಕೀಬ್ ಮೊಳೆಯೊಂದನ್ನು ಕಿತ್ತು ಡಬ್ಬಿಗೆ ಎಸೆದ. “ನಾನ್ ಪರೋಟ ಅಂದಿದ್ದು ತಪ್ಪೇ. ಅವತ್ತು ಜನ ಹಂಗೆ ಹಿಡ್ಕೊಂಡಾಗ ನಂಗೂ ಮುಜುಗರ ಆಯ್ತು. ಸಂಜೆ ಫೋನ್ ಮಾಡಿ ಸಾರಿ ಕೇಳಾಣ ಅಂತಿದ್ದೆ. ಅಷ್ಟರಲ್ಲಿ ನಿಮ್ ಅರ್ಜಿ ಗ್ರೂಪಲ್ಲಿ ಬಂತು.”

ಚಾ ಬಂತು. ಶುಂಠಿ ಹಾಕಿದ ಬಿಸಿ ಚಾ. ರಹಿಮಾ ಬೀಯ ಮುಂದೆ ಕೂತು ರಂಗ ಅದನ್ನು ಕೊನೆಯ ಗುಟುಕಿನವರೆಗೂ ಕುಡಿಯಬೇಕಾಯಿತು.

ಹೊರಡುವಾಗ ಅಕೀಬ್ ಓಣಿಯ ತುದಿಯವರೆಗೆ ಬಂದ. “ನಂಗೆ ಬ್ಯಾನ್ ಆದ್ರೂ ಪರ್ವಾಗಿಲ್ಲ,” ಎಂದ. “ಆದ್ರೆ ನಾಲ್ಕು ಜನ ಅವ್ರೆ ಕುಣಿಗಲ್‌ನಲ್ಲಿ. ಮೂರು ವರ್ಷ ಒಂದೇ ಕೋರ್ಟಲ್ಲಿ ಆಡಿದೋರು. ಅವರೆಲ್ಲ ನಾನು ಟೋಪಿ ಹಾಕ್ದೆ ಅಂತ ನಂಬ್ಕೊಂಡವ್ರೆ. ಅಲ್ಲಿ ಇದ್ದಿದ್ದೇ ಸುಳ್ಳು, ಆ ಮನೆ ಬರೀ ಆಟಕ್ಕೆ ಹಿಡಿದ ನಾಟಕ ಅಂತ. ನನ್ ಮಾತು ಅವರು ಕೇಳಲ್ಲ. ನೀನು ಏನ್ ನೋಡಿದ್ಯೋ ಅದನ್ನ ಬರ್ಕೊಂಡ್ ಹೋಗಿ ಅವರ ಮುಂದೆ ಓದು. ಅನಂತರಾಜು ಕೈಲಿ ಬರೆಸ್ಬೇಡ. ನೀನೇ ಬರಿ.”

“ನನ್ ಬರವಣಿಗೆ ಗೊತ್ತಲ್ಲೋ...”

“ಸಹಿ ಹಾಕೋವಾಗ ಬಂತಲ್ಲ?” ಎಂದು ಅಕೀಬ್ ತಿರುಗಿ ನಡೆದ.

ಬರೆಯಲು ನಾಲ್ಕು ದಿನ ಹಿಡಿಯಿತು. ಹೋಟೆಲಿನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ಬರೆದು ಹರಿದ. ಪ್ರತಿ ಸಲವೂ ಎಲ್ಲೋ ಒಂದು ಕಡೆ ತನ್ನ ಪರವಾಗಿ ಒಂದು ಮಾತು ನುಸುಳಿ ಬರುತ್ತಿತ್ತು: ಸಿಟ್ಟಿನಲ್ಲಿದ್ದೆ, ಜನ ನಕ್ಕರು, ಕ್ಯಾಪ್ಟನ್ ಬರೆದದ್ದು. ಅವನ್ನೆಲ್ಲ ಹೊಡೆದು ಹಾಕಿದ ಮೇಲೆ ಉಳಿದದ್ದು ಅರ್ಧ ಪುಟ. ಭಾನುವಾರ ಬೆಳಗ್ಗೆ ಅನಂತರಾಜುವಿಗೆ ಫೋನ್ ಮಾಡಿ ವಿಷಯ ಹೇಳಿದ.

“ತಲೆ ಕೆಟ್ಟೈತೇನ್ಲಾ ನಿಂಗೆ?” ಅನಂತರಾಜು ಅರಚಿದ. “ಕಪ್ ನಿಂದೊಬ್ಬಂದಾ? ಐದು ಜನದ್ದು ಕಣೋ! ನಮ್ ನಾಲ್ಕು ಜನದ ಮರ್ಯಾದೆ ತೆಗೆಯೋಕೆ ನಿಂಗ್ಯಾರು ಅಧಿಕಾರ ಕೊಟ್ಟೋರು?”

ಅವರು ನಾಲ್ವರೂ ಏನೂ ತಿಳಿಯದೆ ಆಡಿದವರು, ತಿಳಿಯದೆ ಹಾರ ಹಾಕಿಸಿಕೊಂಡವರು. “ಅದೂ ನನ್ ತಪ್ಪೇ ಅಣ್ಣ,” ಎಂದ ರಂಗ.

“ಗುಬ್ಬಿಗೆ ಕಾಲಿಟ್ರೆ ನೋಡು!” ಫೋನ್ ಕಟ್ಟಾಯಿತು.

ಕುಣಿಗಲ್‌ನವರು ಬೆಳಗ್ಗೆಯೇ ಪ್ರಾಕ್ಟೀಸು ಮಾಡುತ್ತಿದ್ದರು. ಕೋರ್ಟಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ ಗಂಗಹನುಮಯ್ಯ ರಂಗನನ್ನು ನೋಡಿ ಸುಣ್ಣದ ಡಬ್ಬಿ ಕೆಳಗಿಟ್ಟ. “ಏನ್ಲೇ, ಇನ್ನೇನು ಉಳ್ದೈತೆ ಇಲ್ಲಿ ಕಿತ್ಕಂಡ್ ಹೋಗಾಕೆ?”

“ಒಂದು ಓದ್ಬೇಕಿತ್ತು.”

ಅವನ ಜೊತೆ ಆಡುತ್ತಿದ್ದ ಇಬ್ಬರೂ ಹತ್ತಿರ ಬಂದರು. ರಂಗ ಹಾಳೆ ಬಿಚ್ಚಿದ. ಬೆವರಿಗೆ ಮಡಿಕೆಯ ಜಾಗದಲ್ಲಿ ಇಂಕು ಹರಡಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದಾಗ ಹೇಗೆ ತಡವರಿಸುತ್ತಿದ್ದನೋ ಹಾಗೇ ತಡವರಿಸುತ್ತಾ ಓದಿದ.

“ನಾನು ಗುಬ್ಬಿ ಟೀಮಿನ ರಂಗನಾಥ. ಅಕೀಬನ ಒಲೆ ಕುಣಿಗಲ್‌ನಲ್ಲೇ ಇತ್ತು. ಸಿಲಿಂಡರನ್ನು ಮೂರು ವರ್ಷ ಅವನ ಗಾಡಿಗೆ ಕಟ್ಟಿ ಕಳಿಸಿದವನು ನಾನು. ಅವನು ನಿಮಗೆ ಮೋಸ ಮಾಡಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ತಕರಾರು ಕೊಟ್ಟೆ. ನೋಡಿದವರು ಯಾರು ಎಂದು ಮೇಷ್ಟ್ರು ಕೇಳಿದಾಗ ಅಲ್ಲೇ ನಿಂತಿದ್ದೆ, ಹೇಳಲಿಲ್ಲ. ನಾನು ಇರುವುದು ಗುಬ್ಬಿಯಲ್ಲಲ್ಲ, ಕ್ಯಾತ್ಸಂದ್ರದಲ್ಲಿ. ಅಕೀಬನಿಗೆ ಅದು ಗೊತ್ತಿತ್ತು. ಅವನೂ ಹೇಳಲಿಲ್ಲ. ನನ್ನಿಂದ ಅವರ ಮನೆ ಹೋಯಿತು.”

ಒಬ್ಬ ರ‍್ಯಾಕೆಟ್ಟಿನ ತಂತಿಯನ್ನು ಉಗುರಿನಿಂದ ಮೀಟುತ್ತಾ ನಿಂತ. ಗಂಗಹನುಮಯ್ಯ ಹಾಳೆ ಇಸಕೊಂಡು ತಾನೇ ಒಂದು ಸಲ ಕಣ್ಣಾಡಿಸಿದ.

“ಫೋಟೋ ಹೊಡ್ದು ಗ್ರೂಪಿಗೆ ಹಾಕ್ತೀನಿ. ಆಗಬಹುದಾ?”

“ಹಾಕಣ್ಣ.”

“ನಿಮ್ಮೂರೋರು ನಿನ್ನ ಬಿಡಲ್ಲ.”

“ಗೊತ್ತು.”

ಗಂಗಹನುಮಯ್ಯ ಫೋಟೋ ಹೊಡೆದು, ಕಳಿಸಿ, ಫೋನ್ ಜೇಬಿಗೆ ಹಾಕಿಕೊಂಡ. ಚಾ ಕುಡಿ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ರಂಗ ಹಾಳೆಗಾಗಿ ಕೈ ಚಾಚಿದಾಗ ಗೇಟಿನ ಕಡೆಯಿಂದ ಬ್ಯಾಗು ನೇತು ಹಾಕಿಕೊಂಡು ನಾಲ್ಕನೆಯವನು ಬೈಕಿನಲ್ಲಿ ಬಂದ.

“ತಡಿ,” ಎಂದ ಗಂಗಹನುಮಯ್ಯ. “ಇವನೇ ಅವರ ಬಾಗಿಲ ಮುಂದೆ ನಿಂತು ಕೂಗಾಡಿದ್ದು. ಫೋನಲ್ಲಿ ನೋಡೋದಲ್ಲ, ಇವನು ಕಿವೀಲಿ ಕೇಳ್ಬೇಕು. ಇನ್ನೊಂದ್ ಸಲ ಓದು.”

ಹಾಳೆ ವಾಪಸ್ ಕೈಗೆ ಬಂತು. ರಂಗ ಮೊದಲಿನಿಂದ ಶುರು ಮಾಡಿದ. ಈ ಸಲವೂ ನಾಲಿಗೆ ತೊಡರಿತು. ಮೂರನೇ ಸಾಲಿಗೆ ಬೈಕಿನವನು ಇಂಜಿನ್ ಆಫ್ ಮಾಡಿದ. ಐದನೇ ಸಾಲಿಗೆ ಅವನು ಹೆಲ್ಮೆಟ್ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಅವುಚಿಕೊಂಡು ನೆಲ ನೋಡತೊಡಗಿದ. ಆ ಮುಖದಲ್ಲಿ ರಂಗ ತನ್ನನ್ನೇ ಗುರುತು ಹಿಡಿದ. ಓದುವುದನ್ನು ನಿಲ್ಲಿಸಲಿಲ್ಲ.